ಕುಡಿ ಮುರಿದ ಕೈ

ನಿಪ್ಪಾಣಿಯ ಹವೆಗೆ ಹೈಡ್ರೇಂಜಿಯಾ ಬರುವುದಿಲ್ಲ ಎಂದು ನೂರು ಜನಕ್ಕೆ ಹೇಳಿ ಕಳಿಸಿದವನು ನಾನು. ನೂರಾ ಒಂದನೆಯವರಾಗಿ ನೀಲಮ ಬಾಯಾರು ಬಂದರು. ಅವರಿಗೆ ಇಲ್ಲ ಎನ್ನುವವರು ಈ ಊರಲ್ಲಿ ಇನ್ನೂ ಹುಟ್ಟಿಲ್ಲ, ನಾನೂ ಅನ್ನಲಿಲ್ಲ. ಅವರ ಯಜಮಾನರದು ತಂಬಾಕಿನ ವಖಾರಿ. ಅರ್ಧ ಊರಿನ ತಂಬಾಕು ಆ ಗೋದಾಮಿನಲ್ಲಿ ಕೂತು ಹೋಗುತ್ತದೆ. ಊರ ಹೊರಗೆ ಬಂಗಲೆ, ಬಂಗಲೆಯ ಸುತ್ತ ತೋಟ. ಚಿಕ್ಕೋಡಿ ರಸ್ತೆಯಲ್ಲಿ ನಾಲ್ಕು ಹಸಿರು ಪರದೆ ಕಟ್ಟಿಕೊಂಡು ನರ್ಸರಿ ನಡೆಸುವ ನನ್ನಂಥವನಿಗೆ ಅಂಥ ತೋಟ ಸಿಕ್ಕರೆ ರೊಟ್ಟಿ ಜಾರಿ ತುಪ್ಪದಲ್ಲಿ ಬಿದ್ದ ಹಾಗೆ.

ಬಾಯಾರು ಫೋನಿನಲ್ಲಿ ಒಂದು ಚಿತ್ರ ತೋರಿಸಿದ್ದರು. ಯಾವುದೋ ತಂಪು ದೇಶದ ಗೋಡೆ, ಗೋಡೆಯ ಮುಂದೆ ಎದೆಯೆತ್ತರದ ಗಿಡಗಳು, ಪ್ರತಿ ಟೊಂಗೆಯ ತುದಿಗೂ ಜೋಳದ ತೆನೆಯಂಥ ಬಿಳಿ ಹೂಗೊಂಚಲು.

"ಇಬ್ರಾಹಿಮ, ನನಗ ಇದ ಬೇಕು. ನಮ್ಮ ಸೋನಾಲೀಗೂ ಇದ ಬೇಕಂತ."

ಸೋನಾಲಿ ಅವರ ಒಬ್ಬಳೇ ಮಗಳು. ಕೊಲ್ಹಾಪುರಕ್ಕೆ ಕೊಟ್ಟಿದ್ದರು. ಎರಡು ಸಲ ಬಸುರು ನಿಂತಿರಲಿಲ್ಲ. ಮುಂದಿನ ಸಲ ನಿಂತೇ ನಿಲ್ಲುತ್ತದೆ, ಏಳನೆಯ ತಿಂಗಳಿಗೆ ಡೋಹಾಳೆ ಜೇವಣ, ಅಂದರೆ ಸೀಮಂತದ ಊಟ, ಇದೇ ತೋಟದಲ್ಲಿ ಆಗಬೇಕು, ಮಗಳನ್ನು ಹೂವಿನ ಜೋಕಾಲಿಯಲ್ಲಿ ಕೂರಿಸಿ ಹೂವಿನ ಬಳೆ ತೊಡಿಸಿ ಉಣಿಸುವಾಗ ಹಿಂದೆ ಈ ಬಿಳಿ ಹೂವಿನ ಗೋಡೆ ಇರಬೇಕು ಎಂಬುದು ತಾಯಿಯ ಆಸೆ. ಕೂಸು ಹುಟ್ಟುವ ಮೊದಲೇ ಕುಲಾವಿ ಎಂದು ನಾನು ಮನಸ್ಸಿನಲ್ಲೇ ನಕ್ಕೆ. ನಕ್ಕಿದ್ದು ತಪ್ಪು. ಎರಡು ಸಲ ಕಳೆದುಕೊಂಡ ಮನೆಯವರು ಇನ್ನೇನು ಮಾಡಬೇಕು?

ಗಿಡಗಳು ಉತ್ತರದ ಬೆಟ್ಟದ ಕಡೆಯ ನರ್ಸರಿಯಿಂದ ಪಾರ್ಸಲ್‌ನಲ್ಲಿ ಬಂದವು. ಹನ್ನೆರಡರಲ್ಲಿ ಏಳು ಬದುಕಿದವು. ಹೈಡ್ರೇಂಜಿಯಾದಲ್ಲಿ ಚೆಂಡಿನಂತೆ ದುಂಡಗೆ ನೀಲಿ ಹೂ ಬಿಡುವ ಜಾತಿ ಬೇರೆ, ಅದಕ್ಕೆ ಹಳೆಯ ಕಡ್ಡಿಯೇ ಬೇಕು. ಈ ತೆನೆಯ ಜಾತಿ ಮಾತ್ರ ಆ ವರ್ಷ ಚಿಗುರಿದ ಹೊಸ ಕಡ್ಡಿಯ ತುದಿಯಲ್ಲೇ ಹೂ ಕೊಡುತ್ತದೆ. ಅದೊಂದು ಧೈರ್ಯದ ಮೇಲೆ ಕೈ ಹಾಕಿದ್ದೆ. ಬಂಗಲೆಯ ಮೂಡಣ ಗೋಡೆಗೆ ಸಾಲು ಹಿಡಿದೆ. ಅಲ್ಲಿ ಮಧ್ಯಾಹ್ನದವರೆಗೆ ಬಿಸಿಲು, ಆಮೇಲೆ ಮನೆಯ ನೆರಳು. ಎರೆಮಣ್ಣನ್ನು ಮೊಣಕಾಲಾಳ ತೆಗೆಸಿ, ಆಜರಾ ಕಡೆಯ ಕೆಂಪು ಮಣ್ಣು, ಕೊಳೆತ ಎಲೆ ತುಂಬಿಸಿದೆ. ಡಿಸೆಂಬರಿನಲ್ಲಿ ನೀರು ಕಡಿದು, ಎಲೆಗಳನ್ನೆಲ್ಲ ಕೈಯಿಂದ ಉದುರಿಸಿ, ಅಥಣಿಯ ದ್ರಾಕ್ಷಿಯವರು ಚಾಟ್ನಿ ಮಾಡಿದಂತೆ ಕಡ್ಡಿಗಳನ್ನು ಗಿಡ್ಡಕ್ಕೆ ಕತ್ತರಿಸಿದೆ. ಗಿಡ ಹಿಮಗಾಲ ಬಂತೆಂದು ನಂಬಬೇಕು. ಗಿಡಕ್ಕೆ ಸುಳ್ಳು ಹೇಳುವುದು ಕಷ್ಟವಲ್ಲ, ನನಗೆ ಅದು ಬರುತ್ತದೆ.

ನಿಜವಾದ ತಲೆಬೇನೆ ಜೊತೆಗಾರ ಗಿಡಗಳದು. ಈ ಗಿಡದ ಬೇರು ಮಣ್ಣಿನ ಮೇಲ್ಮೈಯಲ್ಲೇ ಹರಡಿಕೊಂಡಿರುತ್ತದೆ. ಬುಡ ತಂಪಾಗಿರಬೇಕು, ಪಕ್ಕದವರು ಅದರ ನೀರು ಕದಿಯಬಾರದು, ಬೇರು ಕೆದಕಬಾರದು. ಬಾಯಾರು ದಾಸವಾಳ ಹಾಕು ಅಂದರು, ಬೇಡ ಅಂದೆ, ಅದು ಹೊಟ್ಟೆಬಾಕ. ಬಾಳೆ ಬೇಡ, ಅದು ಕೊಡಗಟ್ಟಲೆ ಕುಡಿಯುತ್ತದೆ. ಕೊನೆಗೆ ಗೋಡೆಯ ಮೂಲೆಗೆ ಜರಿಗಿಡ, ನಡುವಿನ ಸಂದುಗಳಿಗೆ ಕೆಂಪೆಲೆಯ ಕೋಲಿಯಸ್, ಮುಂದೆ ಗಿಡ್ಡ ಸೇವಂತಿಗೆಯ ಸಾಲು ಹಾಕಿದೆ. ಹೈಡ್ರೇಂಜಿಯಾ ಮುಗಿದು ಬೋಳಾದಾಗ ಸೇವಂತಿಗೆ ಅರಳುತ್ತದೆ, ಗೋಡೆ ಬರಿದಾಗುವುದಿಲ್ಲ. ಯಾರ ಪಕ್ಕ ಯಾರು ನಿಲ್ಲಬೇಕೆಂದು ನನಗೆ ಗೊತ್ತು ಎಂದು ಬಾಯಾರು ಬಂದವರ ಮುಂದೆಲ್ಲ ಹೊಗಳುತ್ತಿದ್ದರು.

ಆ ತೋಟ ನೋಡಿಕೊಳ್ಳಲು ಕೆಂಪವ್ವನನ್ನು ತಂದವನೂ ನಾನೇ.

ಕೆಂಪವ್ವ ಅಕ್ಕೋಳದವಳು. ಗಂಡ ತೀರಿಕೊಂಡಿದ್ದ, ಮಕ್ಕಳಾಗಿರಲಿಲ್ಲ. ಒಂಬತ್ತನೆಯ ವಯಸ್ಸಿನಿಂದ ತಂಬಾಕಿನ ಹೊಲದಲ್ಲಿ ಕುಡಿ ಮುರಿದವಳು. ತಂಬಾಕನ್ನು ಹೂ ಬಿಡಲು ಬಿಡುವುದಿಲ್ಲ. ತುದಿಯಲ್ಲಿ ಮೊಗ್ಗು ತಲೆಯೆತ್ತಿದ ಕೂಡಲೇ ಚಿವುಟಬೇಕು, ಆಮೇಲೆ ಎಲೆಯ ಬಗಲಲ್ಲಿ ಒಡೆಯುವ ಮರಿಕುಡಿಯನ್ನೂ ಚಿವುಟಬೇಕು. ಆಗಲೇ ಎಲೆ ದಪ್ಪವಾಗಿ ಖಾರ ಹಿಡಿಯುವುದು. ಆ ಕುಡಿಯ ಅಂಟು ಕೈಗೆ ಹತ್ತಿದರೆ ಕರ್ರಗೆ ಡಾಂಬರಿನಂತೆ ಕೂರುತ್ತದೆ, ವಾರಗಟ್ಟಲೆ ಬಿಡುವುದಿಲ್ಲ, ಮುಟ್ಟಿದ್ದೆಲ್ಲ ಕಹಿ. ಕೈ ಕೆಸರಾದರೆ ಬಾಯಿ ಮೊಸರು ಎಂದು ಗಾದೆ ಕಟ್ಟಿದವನು ನಿಪ್ಪಾಣಿ ಕಡೆ ಬಂದಿರಲಿಲ್ಲ.

ಎರಡು ವರ್ಷದ ಕೆಳಗೆ ಕೊಟ್ಟಿಗೆ ಗೊಬ್ಬರ ತರಲು ಅಕ್ಕೋಳಕ್ಕೆ ಹೋದಾಗ ಅವಳು ಬದುವಿನ ಮೇಲೆ ಬಿದ್ದು ವಾಂತಿ ಮಾಡಿಕೊಳ್ಳುತ್ತಿದ್ದಳು. ಇಬ್ಬನಿಯಿಂದ ಒದ್ದೆಯಾದ ತಂಬಾಕಿನ ಎಲೆಯ ವಿಷ ಚರ್ಮದೊಳಗೇ ಇಳಿಯುತ್ತದೆ. ನನ್ನ ಟೆಂಪೋದಲ್ಲೇ ದವಾಖಾನೆಗೆ ಒಯ್ದೆ. ಡಾಕ್ಟರು, ಇವಳು ಇನ್ನು ತಂಬಾಕು ಮುಟ್ಟಕೂಡದು, ಎದೆಯೂ ಸೋತಿದೆ, ಮುಟ್ಟಿದರೆ ಉಳಿಯುವುದಿಲ್ಲ ಅಂದರು. ಆ ಊರಲ್ಲಿ ತಂಬಾಕು ಬಿಟ್ಟರೆ ಹೆಂಗಸರಿಗೆ ಇರುವುದು ಬೀಡಿ, ಅದೂ ತಂಬಾಕೇ. ಹಾಗಾಗಿ ಬಾಯಾರ ತೋಟಕ್ಕೆ ಕರೆತಂದೆ. ಬಂದ ಎರಡನೆಯ ತಿಂಗಳು, ಮಧ್ಯಾಹ್ನ ಬುತ್ತಿ ಬಿಚ್ಚಿ ಅರ್ಧ ರೊಟ್ಟಿ ನನಗೆ ಮುರಿದು ಕೊಡುತ್ತ ಅವಳು ಹೇಳಿದ್ದಳು: "ತಮ್ಮಾ, ಜ್ವಾಳದ ರೊಟ್ಟಿ ಇಷ್ಟ ಸೀ ಇರತಾವಂತ ನನಗ ಈಗ ಗೊತ್ತಾತು ನೋಡು." ಅಂದಿನಿಂದ ದಿನಾ ಅರ್ಧ ರೊಟ್ಟಿ ನನಗೆ. ಬೇಡ ಅಂದರೆ ಬೈಯುತ್ತಿದ್ದಳು.

ಅವಳ ಬೆರಳಿನಂಥ ಬೆರಳು ನಾನು ನೋಡಿಲ್ಲ. ಕೋಲಿಯಸ್ಸಿಗೆ ಬೇಕಿರುವುದು ಎಲೆಯ ಬಣ್ಣ, ಅದರ ಹೂದಂಟು ಚಿವುಟಬೇಕು ಎಂದು ಒಮ್ಮೆ ತೋರಿಸಿದರೆ ಸಾಕಾಯಿತು, ಮತ್ತೆ ಒಂದು ದಂಟೂ ಏಳಲಿಲ್ಲ. ಗೋಡೆಯ ಹೈಡ್ರೇಂಜಿಯಾ ಮೊದಲ ವರ್ಷ ಹೂ ಬಿಡದೆ ಎಲೆಯಲ್ಲೇ ಕಳೆದಿತ್ತು. ಅದು ಯಾತರ ಗಿಡ, ಯಾಕೆ ಹಾಕಿದ್ದೇವೆ ಎಂದು ನಾನು ಅವಳಿಗೆ ಹೇಳಿಯೇ ಇರಲಿಲ್ಲ. ಬಾಯಾರಿಗೆ ಗಂಟೆಗಟ್ಟಲೆ ಹೇಳಿದವನು, ದಿನಾ ಅದರ ಬುಡ ತೋಯಿಸುವವಳಿಗೆ ಒಂದು ಮಾತು ಹೇಳಿರಲಿಲ್ಲ. ಯಾಕೆ ಎಂದು ಕೇಳಿದರೆ, ಹೇಳಬೇಕು ಅನಿಸಿರಲಿಲ್ಲ, ಅಷ್ಟೇ.

ಈ ವರ್ಷ ಸೋನಾಲಿಯ ಬಸುರು ನಿಂತಿತು. ಜೂನ್ ಕೊನೆಗೆ ಡೋಹಾಳೆ ಜೇವಣ ಎಂದು ದಿನ ಗೊತ್ತಾಯಿತು. ಹೈಡ್ರೇಂಜಿಯಾ ಕೂಡ ಲೆಕ್ಕ ಹಾಕಿದಂತೆ ಮೇ ಮುಗಿಯುವಾಗ ತುದಿತುದಿಗೆ ಎಳೆ ಸಜ್ಜೆತೆನೆಯಷ್ಟು ಹಸಿರು ಮೊಗ್ಗು ಹಿಡಿಯಿತು. ಇನ್ನು ಮೂರು ವಾರಕ್ಕೆ ಬೆಳ್ಳಗಾಗುತ್ತವೆ ಎಂದು ನಾನು ಬಾಯಾರಿಗೆ ಮಾತು ಕೊಟ್ಟೆ. ಅದೇ ಹೊತ್ತಿಗೆ ಅಥಣಿಯ ದ್ರಾಕ್ಷಿ ಬೆಳೆಗಾರರೊಬ್ಬರು ಹೊಸ ಮನೆಗೆ ಹುಲ್ಲುಹಾಸು ಬೇಕೆಂದು ಕರೆದರು. ಹೊರಡುವ ಮುನ್ನ ಕೆಂಪವ್ವನಿಗೆ, "ಯಕ್ಕಾ, ಸೇವಂತಿಗಿ ಉದ್ದ ಬೆಳದಾವ, ಕುಡಿ ಚಿವುಟು, ಮಗ್ಗಲಾಗ ಒಡೀತಾವ" ಎಂದು ಹೇಳಿ ಹೋದೆ.

ಅಥಣಿಯಲ್ಲಿ ಟೇಪು ಹಿಡಿದು ಅಂಗಳ ಅಳೆಯುತ್ತಿದ್ದಾಗ ಫೋನು ಬಂತು. ನನ್ನ ಫೋನಿನ ಕಿವಿಯ ಕಡೆ ಕೆಟ್ಟು ವರ್ಷವಾಯಿತು. ಮಾತಾಡಿದ್ದೆಲ್ಲ ಸ್ಪೀಕರಿನಲ್ಲಿ ಓಣಿಗೇ ಕೇಳುತ್ತದೆ. ಹಾಗಾಗಿ ಕೇಳಿಸಲಿಲ್ಲ ಎಂದು ನಾನು ಅನ್ನುವಂತಿಲ್ಲ.

"ತಮ್ಮಾ, ಸೇವಂತಿಗೀದು ಮುರದ್ನಿ. ಹಿಂದಿನ ದೊಡ್ಡ ಗಿಡಕ್ಕೂ ತುದೀಗಿ ಮಗ್ಗಿ ಹೊಂಟಾವು. ಹಂಗ ಬಿಟ್ರ ಎಲಿ ಸಣ್ಣ ಆಗತಾವ. ಅವನ್ನೂ ಮುರೀಲೇನು?"

ಬೆಳೆಗಾರರು ಅತ್ತ ಕಾರಂಜಿ ಎಲ್ಲಿ ಎಂದು ಕೇಳುತ್ತಿದ್ದರು. ನಾನು ಅವರತ್ತ ಕೈ ಮಾಡಿ, ಫೋನಿಗೆ, "ಹೂಂ ಹೂಂ. ಎಲ್ಲಾ ಮುರಿ" ಅಂದೆ.

ಮೂರನೆಯ ದಿನ ನಿಪ್ಪಾಣಿಗೆ ಇಳಿಯುವ ಮೊದಲೇ ಬಾಯಾರ ಫೋನು. ನರ್ಸರಿಗೂ ಹೋಗದೆ ನೆಟ್ಟಗೆ ಬಂಗಲೆಗೆ ಹೋದೆ. ಹೋಗಿ ನೋಡಿದರೆ ಗೋಡೆಯ ಸಾಲಿನ ಏಳು ಗಿಡಗಳ ಒಂದು ತುದಿಯಲ್ಲೂ ಮೊಗ್ಗಿಲ್ಲ. ಎಷ್ಟು ಸ್ವಚ್ಛವಾಗಿ ಚಿವುಟಿದ್ದಳೆಂದರೆ ಪ್ರತಿ ಕಡ್ಡಿಯೂ ಎರಡೆಲೆಯ ಮೇಲೆ ಒಂದೇ ಅಳತೆಗೆ ನಿಂತಿತ್ತು. ನಾನೇ ಮಾಡಿದ್ದರೂ ಅಷ್ಟು ಚೆನ್ನಾಗಿ ಆಗುತ್ತಿರಲಿಲ್ಲ. ಬುಟ್ಟಿಯಲ್ಲಿ ಹಸಿರು ಮೊಗ್ಗುಗಳು ಬಾಡಿ ಬಿದ್ದಿದ್ದವು.

ಬಾಯಾರು ಅಳುತ್ತಿದ್ದರು, ಅಳುತ್ತಲೇ ಬೈಯುತ್ತಿದ್ದರು. ಕೆಂಪವ್ವ ನಲ್ಲಿಯ ಹತ್ತಿರ ಸೆರಗು ಹಿಡಿದುಕೊಂಡು ನಿಂತಿದ್ದಳು.

"ನನ್ನ ಮಗಳ ಕಾರ್ಯ ಮುಂದ ಇಟ್ಕೊಂಡು ಮಗ್ಗಿ ಎಲ್ಲಾ ಚಿವುಟಿ ಹಾಕ್ಯಾಳಲ್ಲೋ ಇಬ್ರಾಹಿಮ! ಮಕ್ಕಳ ಮಾರಿ ಕಾಣದ ಕೈ ಇದು. ಎರಡ ಸಲ ಆಗಿದ್ದು ಸಾಲಲಿಲ್ಲೇನು ನಮಗ?"

ಕೆಂಪವ್ವ ಆ ಮಾತಿಗೆ ಕಣ್ಣು ಮುಚ್ಚಿಕೊಂಡಳು. ತೆರೆದು ಹೇಳಿದಳು: "ಬಾಯಾರ, ನನಗ ಎಲೀ ಗಿಡ ಅನಿಸ್ತರಿ. ತಂಬಾಕಿನಾಗ ನಾವು ಹಂಗ ಮಾಡತೇವ್ರಿ. ಆದ್ರೂ ನಾ ಸುಮ್ನ ಮುರದಿಲ್ಲರಿ, ಇಂವನ್ನ ಕೇಳಿ ಮುರದೇನ್ರಿ."

ಬಾಯಾರು ನನ್ನತ್ತ ತಿರುಗಿದರು. "ನೀ ಹೇಳಿದ್ದೇನು?"

ಕೆಂಪವ್ವನೂ ನನ್ನನ್ನು ನೋಡುತ್ತಿದ್ದಳು. ಅವಳ ಮುಖದಲ್ಲಿ ಹೆದರಿಕೆ ಇರಲಿಲ್ಲ. ಇವನಿದ್ದಾನಲ್ಲ, ಹೇಳುತ್ತಾನೆ ಎಂದು ನೆಮ್ಮದಿಯಾಗಿ ನಿಂತಿದ್ದಳು. ಅದು ನನಗೆ ಇವತ್ತಿಗೂ ಕಣ್ಣಿಗೆ ಕಟ್ಟಿದೆ.

"ಇಲ್ರಿ ಬಾಯಾರ" ಅಂದೆ. "ನಾ ಸೇವಂತಿಗಿ ಅಷ್ಟ ಹೇಳಿದ್ನಿರಿ."

ಶುಭಕಾರ್ಯದ ಮುಂದೆ ಮೊಗ್ಗು ಮುರಿಸಿದವನು ಸಾಬ ಎಂದು ಊರಲ್ಲಿ ಆದರೆ ನನ್ನ ಗತಿ ಏನು ಎಂದು ಹೆದರಿದೆ ಅಂತ ಆಮೇಲೆ ನನಗೆ ನಾನೇ ಹೇಳಿಕೊಂಡೆ. ಅದು ಸುಳ್ಳಲ್ಲ, ಆದರೆ ಆಮೇಲೆ ಹುಡುಕಿಕೊಂಡ ಕಾರಣ. ಆ ಗಳಿಗೆಯಲ್ಲಿ ನನ್ನ ತಲೆಯಲ್ಲಿ ಇದ್ದದ್ದು ಇನ್ನೂ ಸಣ್ಣದು. ಬಾಯಾರು ಮಾತು ಹಾಕಿದರೆ ಉಳಿದ ವಖಾರಿಯವರ ತೋಟಗಳೂ ನನಗೆ ಬರಲಿದ್ದವು, ಅಷ್ಟೇ. ಯಾವ ಗಿಡದ ಪಕ್ಕ ಯಾವ ಗಿಡ ನಿಲ್ಲಬೇಕೆಂದು ಊರಿಗೆಲ್ಲ ಉಪದೇಶ ಮಾಡುವ ನಾನು ಅವಳ ಪಕ್ಕ ನಿಲ್ಲಲಿಲ್ಲ. ನಾಚಿಕೆಯಾಗುತ್ತದೆ ಎಂದು ಬರೆದರೆ ಏನೂ ಬರೆದ ಹಾಗಾಗುವುದಿಲ್ಲ, ಆದರೂ ಆಗುತ್ತದೆ.

ಕೆಂಪವ್ವ ಜಗಳ ಮಾಡಲಿಲ್ಲ. ಫೋನಿನ ಮಾತು ಎತ್ತಲಿಲ್ಲ. ನಲ್ಲಿಯಲ್ಲಿ ಕೈ ತೊಳೆದಳು, ಜರಿಗಿಡದ ನೆರಳಲ್ಲಿ ಇಟ್ಟಿದ್ದ ಬುತ್ತಿಯ ಗಂಟು ತೆಗೆದುಕೊಂಡಳು. ನನ್ನನ್ನು ದಾಟಿ ಹೋಗುವಾಗ ಒಂದು ಗಳಿಗೆ ನಿಂತಳು, ಏನೋ ಹೇಳುತ್ತಾಳೆ ಅಂದುಕೊಂಡೆ. "ಜರಿಗಿಡಕ್ಕ ಇವತ್ತ ನೀರ ಹಾಕಿಲ್ಲ" ಅಂದಳು. ಅಕ್ಕೋಳದ ಬಸ್ಸಿಗೆ ನಡೆದು ಹೋದಳು.

ಡೋಹಾಳೆ ಜೇವಣ ಕೊಲ್ಹಾಪುರದಿಂದ ತರಿಸಿದ ಬಾಡಿಗೆಯ ಪ್ಲಾಸ್ಟಿಕ್ ಹೂಗಳ ಗೋಡೆಯ ಮುಂದೆ ಆಯಿತು. ಯಾರಿಗೂ ಏನೂ ಕಡಿಮೆ ಅನಿಸಲಿಲ್ಲ. ಸೋನಾಲಿ ಜೋಕಾಲಿಯಲ್ಲಿ ಕೂತು ನಕ್ಕಳು, ಹೆಂಗಸರು ಮರಾಠಿಯಲ್ಲಿ ಹಾಡಿದರು, ಹುಟ್ಟುವುದು ಗಂಡೋ ಹೆಣ್ಣೋ ಎಂದು ಪೇಢೆ ಬರ್ಫಿ ಆಟ ಆಡಿದರು. ನನಗೂ ಊಟ ಹಾಕಿದರು.

ನಾನು ಗೋಡೆಯ ಸಾಲಿನ ಕಡೆ ಹೋಗುವುದನ್ನೇ ಬಿಟ್ಟಿದ್ದೆ. ಜುಲೈ ಮಧ್ಯದಲ್ಲಿ ಜಿಟಿಜಿಟಿ ಮಳೆ ನಿಂತ ಒಂದು ದಿನ ನೋಡಿದರೆ, ಕೆಂಪವ್ವ ಚಿವುಟಿದ ಒಂದೊಂದು ಕಡ್ಡಿಯೂ ಎರಡಾಗಿ, ಬಹಳಷ್ಟು ಮೂರಾಗಿ ಒಡೆದಿದ್ದವು. ಗಿಡ ಸೊರಗಿ ಎತ್ತರ ಹೋಗುವ ಬದಲು ಬುಡದಿಂದ ಮೈದುಂಬಿಕೊಂಡಿತ್ತು. ಆಗಸ್ಟ್ ಮೂರನೆಯ ವಾರಕ್ಕೆ ಪ್ರತಿ ತುದಿಗೂ ತೆನೆ ಬಂತು. ಮೊದಲು ಎಳೆ ಹಸಿರು, ಆಮೇಲೆ ಹಾಲು ಬಿಳುಪು. ತೆನೆ ಸ್ವಲ್ಪ ಸಣ್ಣದು, ಆದರೆ ಒಂದಿದ್ದಲ್ಲಿ ಮೂರು. ಭಾರಕ್ಕೆ ಬಾಗಲೂ ಇಲ್ಲ. ಕೆಂಪೆಲೆಯ ಕೋಲಿಯಸ್ಸಿನ ಮೇಲೆ ಆ ಬಿಳಿ ಕಂಡು ಒಂದೊಂದೇ ತುದಿ ಎಣಿಸುತ್ತ ಹೋದೆ. ಇಪ್ಪತ್ತು ವರ್ಷ ಗಿಡ ಮಾರಿದವನಿಗೆ ಗೊತ್ತಿಲ್ಲದ್ದನ್ನು ಅವಳ ಬೆರಳು ಮಾಡಿ ಹೋಗಿತ್ತು.

ಅದೇ ವಾರ ಸೋನಾಲಿಗೆ ಹೆಣ್ಣು ಕೂಸು ಹುಟ್ಟಿತು. ತಾಯಿ ಮಗಳು ಇಬ್ಬರೂ ಗಟ್ಟಿ. ಮಕ್ಕಳ ಮಾರಿ ಕಾಣದ ಕೈ ಯಾವ ಕೇಡನ್ನೂ ಮಾಡಿರಲಿಲ್ಲ, ಆದರೆ ಆ ಮಾತನ್ನು ವಾಪಸು ತೆಗೆದುಕೊಳ್ಳಬೇಕೆಂದು ಯಾರಿಗೂ ನೆನಪಾಗಲಿಲ್ಲ. ಹನ್ನೆರಡನೆಯ ದಿನ ತೊಟ್ಟಿಲು ತೋಟದಲ್ಲೇ ಕಟ್ಟಿದರು. ಕೂಸಿಗೆ ಬ್ರಾಹ್ಮಿ ಎಂದು ಹೆಸರಿಟ್ಟರು. ಹಿಂದೆ ಬಿಳಿ ಗೋಡೆ. ಆ ಫೋಟೋಗಳು ರಾಯಬಾಗ, ಕಾಗವಾಡದವರೆಗೂ ಫೋನಿನಿಂದ ಫೋನಿಗೆ ಓಡಿದವು.

"ಇಬ್ರಾಹಿಮ, ಮುರದ ಹೋದ ಗಿಡಾನ ಹೆಂಗ ಹೂ ಬಿಡಿಸಿದ್ಯೋ?" ಎಂದು ಬಾಯಾರು ಎಲ್ಲರ ಮುಂದೆ ಕೇಳಿದರು.

ಹೇಳಲು ಅದಕ್ಕಿಂತ ಒಳ್ಳೆಯ ಹೊತ್ತು ಇರಲಿಲ್ಲ. ಮನೆ ತುಂಬ ಸಂತೋಷ, ಯಾರೂ ಸಿಟ್ಟಾಗುತ್ತಿರಲಿಲ್ಲ. ನಾನು ಬಾಯಿ ತೆರೆದೆ.

"ಅದಕ್ಕೊಂದು ಪದ್ಧತಿ ಐತ್ರಿ ಬಾಯಾರ" ಅಂದೆ.

"ನಿನ್ನ ಕೈಗುಣ ದೊಡ್ಡದಪ್ಪಾ" ಅಂದರು ಅವರು.

ಎರಡು ವಾರದ ಮೇಲೆ ಅಕ್ಕೋಳಕ್ಕೆ ಹೋದೆ. ಗೊಬ್ಬರಕ್ಕೆ ಎಂದು ಮನೆಯಲ್ಲಿ ಹೇಳಿದ್ದೆ. ಗೋಡೆಯ ಸಾಲಿನಿಂದ ಒಂದು ತೆನೆ ಕೊಯ್ದು ಒದ್ದೆ ಪೇಪರಿನಲ್ಲಿ ಸುತ್ತಿಕೊಂಡಿದ್ದೆ. ಹೋಗುವ ದಾರಿಯುದ್ದಕ್ಕೂ ಮಾತು ಜೋಡಿಸಿದ್ದೆ: ನನ್ನ ನರ್ಸರಿಗೆ ಬಾ, ನಾಳೆಯೇ ಬಾಯಾರಿಗೆ ನಿಜ ಹೇಳುತ್ತೇನೆ.

ಅವಳು ಊರ ಆಚೆಯ ಹೊಲದಲ್ಲಿದ್ದಳು. ಸೊಂಟದೆತ್ತರದ ತಂಬಾಕು, ಸಾಲಿಗೊಬ್ಬಳಂತೆ ಹೆಂಗಸರು. ಕೆಂಪವ್ವ ಸೊಂಟಕ್ಕೆ ಗೊಬ್ಬರ ಚೀಲದ ಪ್ಲಾಸ್ಟಿಕ್ ಕಟ್ಟಿಕೊಂಡು ಕುಡಿ ಮುರಿಯುತ್ತಿದ್ದಳು. ಕೈ ಮೊಣಕೈವರೆಗೆ ಕರ್ರಗಾಗಿತ್ತು, ಕೆನ್ನೆ ಒಳಗೆ ಹೋಗಿತ್ತು. ನಾಲ್ಕು ಗಿಡಕ್ಕೊಮ್ಮೆ ನಿಂತು ಕೆಮ್ಮುತ್ತಿದ್ದಳು. ನನ್ನನ್ನು ಕಂಡು ಬದುವಿಗೆ ಬಂದಳು.

"ಬಾ ತಮ್ಮಾ. ಗೊಬ್ಬರಕ್ಕ ಬಂದಿಯೇನು?"

ನಾನು ಪೇಪರು ಬಿಚ್ಚಿದೆ. ಅವಳು ಹೂವನ್ನು ನೋಡಿದಳು. ಕೈ ಮುಂದೆ ಚಾಚಿ, ಅಂಟು ಹತ್ತೀತೆಂದು ಹಿಂದೆ ತೆಗೆದುಕೊಂಡಳು.

"ಇದ ಏನು, ನಾ ಮುರದಿದ್ದು?"

"ಹೂಂ ಯಕ್ಕಾ. ನೀ ಮುರದಲ್ಲೆಲ್ಲಾ ಒಂದಕ್ಕ ಮೂರು ಬಂದಾವ. ನೀ ಮುರದದ್ದಕ್ಕ ಬಂದಾವ."

ಅವಳ ಮುಖ ಒಂದು ಗಳಿಗೆ ಅರಳಿತು. ಸಣ್ಣ ಹುಡುಗಿಯ ಹಾಗೆ ಅರಳಿತು. ಆಮೇಲೆ ಕೇಳಿದಳು: "ಬಾಯಾರಿಗೆ ಹೇಳಿದಿಯೇನು?"

ನಾನು ಹೂವಿನ ಪೇಪರು ಮಡಚತೊಡಗಿದೆ. "ಹೇಳತೀನಿ ಯಕ್ಕಾ" ಅಂದೆ. "ನಾಳೆ ಹೋಗಿ..."

ಅಷ್ಟರಲ್ಲಿ ಫೋನು ರಿಂಗಾಯಿತು. ಎತ್ತಬಾರದಿತ್ತು. ಕೈ ತಾನಾಗಿ ಎತ್ತಿತು. ಸ್ಪೀಕರಿನಲ್ಲಿ ಕಾಗವಾಡದ ಯಾರೋ ಹೆಣ್ಣುಮಗಳ ಗಟ್ಟಿ ಧ್ವನಿ ಹೊಲದ ಮೇಲೆ ಹರಡಿತು.

"ನಮಸ್ಕಾರ್ರಿ. ನಾ ಪೂನಮ ಅಂತ್ರಿ. ನೀಲಮ ಬಾಯಾರ ಕಡೆ ನಂಬರ್ ತಗೊಂಡೆ. ಕುಡಿ ಚಿವುಟಿ ಒಂದಕ್ಕ ಮೂರು ಹೂ ಬಿಡಸೋರು ನೀವ ಏನ್ರಿ?"

ಕುಡಿ ಚಿವುಟಿ. ಅದನ್ನೂ ನಾನೇ ಹೇಳಿಬಿಟ್ಟಿದ್ದೆ ಬಾಯಾರಿಗೆ, ತೊಟ್ಟಿಲಿನ ಮರುದಿನ, ಪದ್ಧತಿ ಏನೆಂದು ಅವರು ಮತ್ತೆ ಕೇಳಿದಾಗ. ಆಯಾ ಕಾಲಕ್ಕೆ ಕುಡಿ ಚಿವುಟಬೇಕಾಗುತ್ತದೆ, ಅವತ್ತು ಮುರಿದುಹೋದದ್ದನ್ನೇ ನಾನು ಗೊಬ್ಬರ ಕೊಟ್ಟು ದಾರಿಗೆ ತಂದೆ ಎಂದಿದ್ದೆ.

ಕೆಂಪವ್ವ ನನ್ನ ಮುಖವನ್ನೇ ನೋಡುತ್ತಿದ್ದಳು. ಜೂನಿನಲ್ಲಿ ನಲ್ಲಿಯ ಹತ್ತಿರ ನಿಂತು ನೋಡಿದ್ದಳಲ್ಲ, ಹಾಗಲ್ಲ. ಈ ಸಲ ಕಾಯುತ್ತಿರಲಿಲ್ಲ.

"ಹಲೋ? ನೀವ ಏನ್ರಿ?"

"ಹೌದ್ರಿ" ಅಂದೆ. "ನಾನ."

ಫೋನು ಇಟ್ಟೆ. ಊಟದ ಹೊತ್ತಾಗಿತ್ತು. ಅವಳು ಬದುವಿನ ಮಣ್ಣು ಹಿಡಿದು ಅಂಗೈ ತಿಕ್ಕಿದಳು, ಕೊಡದ ನೀರು ಸುರುವಿಕೊಂಡಳು, ಕರ್ರಗಿನದು ಬಿಡಲಿಲ್ಲ. ಬುತ್ತಿ ಬಿಚ್ಚಿ ರೊಟ್ಟಿ ಮುರಿದು, ತೋಟದಲ್ಲಿ ಕೊಡುತ್ತಿದ್ದಂತೆಯೇ ಅರ್ಧ ನನ್ನ ಮುಂದೆ ಹಿಡಿದಳು. ಇಸಿದುಕೊಂಡು ಬಾಯಿಗಿಟ್ಟೆ. ಅವಳ ಬೆರಳು ತಾಗಿದ ಅಂಚಿನಿಂದ ಕಹಿ ನಾಲಿಗೆಯ ಬುಡದವರೆಗೆ ಇಳಿಯಿತು. ಕಣ್ಣಲ್ಲಿ ನೀರು ಬಂತು.

"ಕಹಿ ಐತೇನು?" ಅಂದಳು.

"ಇಲ್ಲ ಯಕ್ಕಾ."

ಅವಳು ತನ್ನ ಅರ್ಧ ರೊಟ್ಟಿಯನ್ನು ನಿಧಾನ ಅಗಿಯುತ್ತ ತಂಬಾಕಿನ ಸಾಲುಗಳನ್ನು ನೋಡಿದಳು.

"ಅವತ್ತಿನಂಗ ಇದಕ್ಕೂ ಇಲ್ಲ ಅಂದಿ" ಅಂದಳು.